ಡ್ಯಾಮಿನ ಕಲ್ಲು ಕಾಯುವ ಅತ್ತೆ

ನಮ್ಮ ಅತ್ತೆ ಐವತ್ತು ವರ್ಷಗಳಿಂದ ಡ್ಯಾಮಿನ ಬುಡದಲ್ಲಿ ಬಾಳುತ್ತಿದ್ದಾಳೆ. ಆದರೆ ಡ್ಯಾಮಿನ ನೀರನ್ನು ಇನ್ನೂ ನೋಡಿಲ್ಲ!

ನೀವು ನಂಬುವುದಿಲ್ಲ, ಗೊತ್ತು. ನನ್ನ ಡೈರಿಯಲ್ಲಿ ಪುರಾವೆ ಇದೆ. ಒಂದು ಭಾನುವಾರ ಸಂಜೆ ನಿಪ್ಪಾಣಿಯಿಂದ, ಸದಲಗಾದಿಂದ, ಆಚೆ ಕೊಲ್ಹಾಪುರದ ಕಡೆಯಿಂದ ಬಂದವರೆಲ್ಲ ಒಡ್ಡಿನ ಮೇಲೆ ಸಾಲಾಗಿ ನಿಂತು ಮುಳುಗುವ ಸೂರ್ಯನ ಫೋಟೋ ತೆಗೆಯುತ್ತಿದ್ದರು. ನೀರೆಲ್ಲ ಕಾವಿ ಬಳಿದ ಹಾಗೆ ಕೆಂಪಾಗಿತ್ತು. ನಮ್ಮ ಅತ್ತೆ ಮಾತ್ರ ಅವರ ಬೆನ್ನ ಹಿಂದೆ ನಿಂತು ಅವರ ಕಾಲ ಕೆಳಗೆ ನೋಡುತ್ತಿದ್ದಳು.

"ಅತ್ತಿ, ನೀರ ಎಷ್ಟ ಚಂದ ಕಾಣಾಕತ್ತೈತಿ ನೋಡ!" ಎಂದೆ.

"ನೀರೇನ ನೋಡೂದ ಬೇ? ಅದು ಬರತೈತಿ, ಹೋಗತೈತಿ. ಕಲ್ಲ ಹೋದ್ರ ತಾನs ಬರತೈತೇನ?"

ಅಂದಿನ ಪುಟದಲ್ಲಿ ಬರೆದಿದ್ದೇನೆ: ಸೂರ್ಯಾಸ್ತ ನೋಡಿದವರು ನಲವತ್ತೊಂದು ಮಂದಿ, ಕಲ್ಲು ನೋಡಿದವರು ಒಬ್ಬರು.

ನಾನು ಹತ್ತನೇ ತರಗತಿಯಿಂದ ಡೈರಿ ಬರೆಯುವವಳು. ಸುಮ್ಮನೆ ಬರೆಯುವುದಲ್ಲ, ಸ್ಕೇಲು ಹಿಡಿದು ಗೆರೆ ಎಳೆದು ಅಂಕಣ ಮಾಡಿ ಬರೆಯುವುದು. ಮಳೆ ಬಂದ ದಿನಗಳಿಗೆ ಒಂದು ಅಂಕಣ, ಎಮ್ಮೆ ಒದ್ದ ದಿನಗಳಿಗೆ ಒಂದು, ನಮ್ಮವ್ವ ನನ್ನನ್ನು "ಥೇಟ್ ನಿಮ್ಮತ್ತಿ ಹಂಗs ಅದಿ" ಎಂದು ಬೈದ ದಿನಗಳಿಗೆ ಒಂದು. ಈ ಕೊನೆಯ ಅಂಕಣವೇ ಎಲ್ಲಕ್ಕಿಂತ ಬೇಗ ತುಂಬುತ್ತದೆ. ಹಾಗಾಗಿ ಊರಿನವರೆಲ್ಲ ನನ್ನನ್ನು ಹೆಸರಿನಿಂದ ಕರೆದರೆ ಅತ್ತೆ ಮಾತ್ರ "ತಲಾಠಿ ಬಾಯಿ" ಎಂದು ಕರೆಯುತ್ತಾಳೆ, ಊರ ಲೆಕ್ಕವೆಲ್ಲ ಬರೆಯುವ ಸರಕಾರಿ ತಲಾಠಿ ನಾನೇ ಎಂಬಂತೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಚಿಕ್ಕೋಡಿಯಲ್ಲಿ ನೌಕರಿ ಇದ್ದ ಗಂಡು ನೋಡಲು ಬಂದಿದ್ದನಂತೆ. "ಡ್ಯಾಂ ಬಿಟ್ಟ ಬರಾಂಗಿಲ್ಲ" ಎಂದು ಹೇಳಿ ಕಳಿಸಿದಳಂತೆ! ಕಡೆಗೆ ಇದೇ ಊರಿನಲ್ಲಿ, ಒಡ್ಡಿನ ಬುಡದಲ್ಲಿ ಕಬ್ಬಿನ ಹೊಲ ಇದ್ದ ಮಾವನನ್ನು ಮದುವೆಯಾದಳು. ಅಪ್ಪ ಈಗಲೂ ಹೇಳುತ್ತಾನೆ, "ನಮ್ಮಕ್ಕ ಮಾವನ್ನ ನೋಡಿ ಲಗ್ನಾ ಆಗಿಲ್ಲ, ಒಡ್ಡಿಗೆ ಹತ್ತಿದ ಹೊಲದ ಹದ್ದ ನೋಡಿ ಆಗ್ಯಾಳ." ಎಲ್ಲರ ಮನೆಯ ಮೇಲೂ ಆಕಾಶ ಇರುತ್ತದೆ. ಅತ್ತೆಯ ಮನೆಯ ಮೇಲೆ ನೀರಿದೆ. ಅವಳ ಅಟ್ಟಕ್ಕಿಂತ ಎತ್ತರದಲ್ಲಿ ಮೀನುಗಳು ಈಜುತ್ತವೆ. ಇಂಥ ಮನೆಯಲ್ಲಿ ನೀವಿದ್ದರೆ ನಿದ್ದೆ ಮಾಡುತ್ತಿದ್ದಿರಾ?

ಅತ್ತೆ ಚೆನ್ನಾಗಿಯೇ ನಿದ್ದೆ ಮಾಡುತ್ತಾಳೆ. ಏಕೆಂದರೆ ಮಲಗುವ ಮೊದಲು ಕಲ್ಲು ನೋಡಿ ಬಂದಿರುತ್ತಾಳೆ.

ಈ ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಮಣ್ಣಿನ ಒಡ್ಡು. ಅದರ ನೀರಿನ ಕಡೆಯ ಇಳಿಜಾರಿಗೆ ಮೇಲಿನಿಂದ ಕೆಳಗಿನವರೆಗೂ ಕಲ್ಲು ಹೊದಿಸಿದ್ದಾರೆ. ಗಾಳಿಗೆ ಅಲೆ ಎದ್ದರೆ ಅದು ಕಲ್ಲಿಗೆ ಬಡಿಯಬೇಕು, ಮಣ್ಣಿಗೆ ತಾಗಬಾರದು. ದೊಡ್ಡ ಕಲ್ಲುಗಳ ಸಂದಿಗೆ ಚಿಕ್ಕ ಚಿಕ್ಕ ಕಲ್ಲು ಹೊಡೆದು ಬಿಗಿ ಮಾಡಿರುತ್ತಾರೆ. ಚಿಕ್ಕದು ಹೋದರೆ ದೊಡ್ಡದು ಮುದುಕರ ಹಲ್ಲಿನಂತೆ ಅಲುಗಾಡಲು ಶುರು ಮಾಡುತ್ತದೆ. ದೊಡ್ಡದು ಜಾರಿದರೆ ಅಲೆ ಆ ತೆರವಿಗೆ ನಾಲಿಗೆ ಚಾಚಿ ಮಣ್ಣು ನೆಕ್ಕುತ್ತದೆ. ಹೀಗೆ ನೆಕ್ಕುತ್ತಾ ನೆಕ್ಕುತ್ತಾ ಒಂದು ದಿನ ಒಡ್ಡು, ಒಡ್ಡಿನ ಕೆಳಗಿನ ಕಬ್ಬು, ಕಬ್ಬಿನ ಪಕ್ಕದ ಊರು, ಎಲ್ಲವೂ!

ಇಷ್ಟು ತಿಳಿದ ಮೇಲೆ ಹೇಳಿ, ಡ್ಯಾಮಿಗೆ ಬಂದ ಮನುಷ್ಯ ಮೊದಲು ಮಾಡುವ ಕೆಲಸ ಯಾವುದು? ಬಗ್ಗಿ ಒಂದು ಚಿಕ್ಕ ಕಲ್ಲು ಕಿತ್ತು ನೀರಿಗೆ ಎಸೆಯುವುದು! ಕಲ್ಲು ಮತ್ತು ನೀರು ಹತ್ತಿರ ಕಂಡರೆ ಕೈ ಸುಮ್ಮನಿರಬಾರದು ಎಂದು ಮನುಷ್ಯನಿಗೆ ಯಾರು ಹೇಳಿಕೊಟ್ಟರೋ. ಕೂಸಿನಿಂದ ಹಿಡಿದು ಪಿಂಚಣಿ ತೆಗೆದುಕೊಳ್ಳುವವರವರೆಗೆ ಎಲ್ಲರೂ ಎಸೆಯುತ್ತಾರೆ.

ಎಸೆದವರು ನಮ್ಮ ಅತ್ತೆಯ ಕೈಗೆ ಸಿಕ್ಕರು ಎಂದೇ ಅರ್ಥ. ಒಮ್ಮೆ ಗಡಿಯಾಚೆಯಿಂದ ಬೈಕಿನಲ್ಲಿ ಬಂದ ಗಡ್ಡದ ತರುಣನೊಬ್ಬ ಕಲ್ಲು ಎಸೆದ. ಅತ್ತೆ ಕೂಗಿದಳು. ಅವನು ನಗುತ್ತಾ, "ಮಾವಶಿ, ಏಕ ದಗಡ ಗೇಲಾ ತರ ಕಾಯ ಹೋತಂಯ?" ಎಂದ. ಒಂದು ಕಲ್ಲು ಹೋದರೆ ಏನಾಗುತ್ತದೆ, ಎಂದು.

ಅತ್ತೆ ಅವನ ಹತ್ತಿರ ಹೋಗಿ, ಅವನ ಬಾಯನ್ನೇ ನೋಡುತ್ತಾ, ಅವನದೇ ಭಾಷೆಯಲ್ಲಿ ನಿಧಾನವಾಗಿ ಕೇಳಿದಳು, "ತುಝಾ ಏಕ ದಾತ ಗೇಲಾ ತರ ಕಾಯ ಹೋತಂಯ?" ನಿನ್ನ ಒಂದು ಹಲ್ಲು ಹೋದರೆ ಏನಾಗುತ್ತದೆ?

ಅವನು ಬಾಯಿ ಮುಚ್ಚಿದವನು ಬೈಕು ಏರುವವರೆಗೂ ತೆರೆಯಲಿಲ್ಲ.

ಭಾನುವಾರಗಳಲ್ಲಿ ಅತ್ತೆ ಒಡ್ಡಿನ ತುದಿಯ ಬೇವಿನ ಮರದ ಕೆಳಗೆ ಕುಳಿತು ಗೋವಿನಜೋಳದ ತೆನೆ ಸುಟ್ಟು ಮಾರುತ್ತಾಳೆ. ಉಪ್ಪು, ಖಾರ, ಲಿಂಬೆಹಣ್ಣು ಹಚ್ಚಿದ ಆ ತೆನೆಗೆ ಜನ ಮುಗಿಬೀಳುತ್ತಾರೆ. ಆದರೆ ಕಲ್ಲು ಎಸೆದವರಿಗೆ ತೆನೆ ಇಲ್ಲ. ಎಷ್ಟು ಎಸೆದರೋ ಅಷ್ಟನ್ನು ನೀರಿಗಿಳಿದು ಹುಡುಕಿ ತಂದು, ತೆಗೆದ ಜಾಗದಲ್ಲೇ ಇಟ್ಟರೆ ತೆನೆ ಉಂಟು! ಯಾರು ಎಷ್ಟು ಎಸೆದರು ಎಂದು ಹೇಳುವವಳು ಪಕ್ಕದಲ್ಲಿ ಡೈರಿ ಹಿಡಿದು ಕುಳಿತ ನಾನು. ಆಕೆ ನ್ಯಾಯಾಧೀಶೆ, ನಾನು ಶಿರಸ್ತೇದಾರಳು.

ನಮ್ಮ ಕೋರ್ಟಿನ ಅತಿ ದೊಡ್ಡ ಮೊಕದ್ದಮೆ ಒಬ್ಬ ಮದುಮಗನದು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಜರತಾರಿ ಅಂಗಿ ತೊಟ್ಟು ಬಂದಿದ್ದ. ಪಕ್ಕದಲ್ಲಿ ನಾಚುವ ಹುಡುಗಿ. ಫೋಟೋದವನು, "ಸರ, ಒಂದ ಕಲ್ಲ ಒಗೀರಿ, ನೀರಾಗ ಬಳಿ ಬಳಿ ಏಳಲಿ, ಮಸ್ತ ಬರತೈತಿ" ಎಂದ. ಮದುಮಗ ಎಸೆದ. ಸರಿಬರಲಿಲ್ಲ. ಮತ್ತೆ ಎಸೆದ. ಹುಡುಗಿ ಕಣ್ಣು ಮುಚ್ಚಿಬಿಟ್ಟಳು. ಮತ್ತೆ. ನನ್ನ ಪುಟದಲ್ಲಿ ಹದಿನಾಲ್ಕು ಗೆರೆ ಬಿದ್ದವು.

ಹುಡುಗಿಗೆ ತೆನೆ ತಿನ್ನುವ ಆಸೆಯಾಯಿತು. ಅತ್ತೆ ಕೆಂಡ ಬೀಸುತ್ತಾ, "ಆಕಿಗೆ ಕೊಡತೀನ್ರಿ. ನಿಮ್ಮವು ಹದಿನಾಕ ಅದಾವು" ಎಂದಳು. ಮದುಮಗ ಫೋಟೋದವನ ಕಡೆ ನೋಡಿದ. ಫೋಟೋದವನು ಆಕಾಶ ನೋಡಿದ. ಹುಡುಗಿ ತೆನೆ ಕಡಿಯುತ್ತಾ, "ಹೋಗ್ರಿ, ತೊಗೊಂಡ ಬರ್ರಿ" ಎಂದಳು. ಅದು ಅವಳು ಅವನಿಗೆ ಮಾಡಿದ ಮೊದಲ ಆಜ್ಞೆ ಇರಬೇಕು!

ಜರತಾರಿ ಅಂಗಿಯ ಮದುಮಗ ಪ್ಯಾಂಟು ಮಡಚಿ ಮೊಣಕಾಲು ನೀರಿಗಿಳಿದು ಕಲ್ಲು ಹುಡುಕಿದ. ಹದಿನೈದು ತಂದ. "ಒಂದು ಹೆಚ್ಚಾತಲ್ಲ?" ಎಂದೆ. "ಇರಲಿ, ಲಗ್ನದ ಮುಯ್ಯಿ" ಎಂದಳು ಅತ್ತೆ. ಮದುವೆಯ ನಂತರ ಅವರಿಬ್ಬರೂ ಬಂದು ಅತ್ತೆಗೆ ಒಂದು ಫೋಟೋ ಕೊಟ್ಟು ಹೋದರು. ಬಳೆ ಬಳೆ ಅಲೆಗಳ ಫೋಟೋ ಅಲ್ಲ. ಅವನು ಒದ್ದೆಯಾಗಿ ಕಲ್ಲು ಎತ್ತಿ ತೋರಿಸುತ್ತಿರುವುದು, ಅವಳು ತೆನೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು. ಆಲ್ಬಮ್ಮಿನ ಮೊದಲ ಪುಟದಲ್ಲಿ ಅದೇ ಇದೆಯಂತೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಟ್ಟು ಬಿಟ್ಟು ಡ್ಯಾಮಿನ ಹೊಟ್ಟೆ ಒಳಗೆ ಹೋಗುತ್ತದೆ. ಆಗ ವರ್ಷವಿಡೀ ಎಸೆದ ಕಲ್ಲುಗಳು ಕೆಸರಿನ ಮೇಲೆ ಬಿದ್ದಿರುತ್ತವೆ. ಎಲ್ಲರೂ ಕಬ್ಬಿಗೆ ನೀರು ಬಂತೆಂದು ಖುಷಿಯಲ್ಲಿದ್ದರೆ ಅತ್ತೆ ಬೆಳಗ್ಗೆ ಬುಟ್ಟಿ ಹಿಡಿದು ಕೆಳಗಿಳಿದು ಅವನ್ನೆಲ್ಲ ಆರಿಸಿ, ಹೊತ್ತು ತಂದು, ಸಂದಿಗೆ ಹೊಡೆಯುತ್ತಾಳೆ. ನಾನು ದಡದಲ್ಲಿ ಕುಳಿತು ಬರೆಯುತ್ತೇನೆ.

"ತಲಾಠಿ ಬಾಯಿ, ಒಂದರ ಹೊರು."

"ಬರಿಯಾಕ ಒಬ್ಬರ ಬೇಕಲ್ಲ ಅತ್ತಿ?"

"ಹೌದೌದು. ಪೆನ್ನ ಭಾಳ ವಜ್ಜಿ ಇರತೈತಿ."

ನಾಲ್ಕು ಬೇಸಿಗೆಯ ಲೆಕ್ಕ: ಅತ್ತೆ ತಂದದ್ದು ಒಂದು ಸಾವಿರದ ನೂರ ಹದಿನೆಂಟು. ನಾನು ತಂದದ್ದು, ಸೊನ್ನೆ.

ಇಂಥ ಅತ್ತೆಯೇ ಒಂದು ತಪ್ಪು ಮಾಡಿದಳು. ಹೋಳಿ ಹುಣ್ಣಿಮೆ ಮುಗಿದ ವಾರ ಒಡ್ಡಿನ ನಡುವೆ ಒಂದು ಕಡೆ ಕಲ್ಲುಗಳು ಕುಸಿದು ತಗ್ಗು ಬಿದ್ದದ್ದು ಅವಳ ಕಣ್ಣಿಗೆ ಬಿತ್ತು. ಡ್ಯಾಂ ನೋಡಿಕೊಳ್ಳುವ ಹೊಸ ಸಾಹೇಬರಿಗೆ ಹೇಳಿದಳು. ಅವರು ನೀರಿಲ್ಲದ ತೆಲಸಂಗದ ಕಡೆಯ ತರುಣ. ಇಷ್ಟು ನೀರನ್ನು ಒಟ್ಟಿಗೆ ಕಂಡದ್ದೇ ನೌಕರಿಗೆ ಬಂದ ಮೇಲೆ. "ಇನ್ನಷ್ಟ ನೀರ ಇಳೀಲಿ ಬಾಯಾರ, ರಿಪೇರಿ ಮಾಡಸ್ತೀನಿ. ಅಲ್ಲೀತನಕ ಜಾಗಾ ಮರೀದಂಗ ಗುರುತು ಹಾಕಿಡ್ರಿ" ಎಂದರು.

ಅತ್ತೆ ಗುರುತು ಹಾಕಿದಳು. ನಮ್ಮಪ್ಪ ಟ್ರ್ಯಾಕ್ಟರಿನ ಟ್ರೇಲರಿಗೆ ಹಚ್ಚಿ ಉಳಿದಿದ್ದ ಕೇಸರಿ ಬಣ್ಣವನ್ನು ತಗ್ಗಿನ ಪಕ್ಕದ ಒಂದು ದುಂಡು ಕಲ್ಲಿಗೆ ಬಳಿದಳು. ಸ್ವಲ್ಪ ಅಲ್ಲ, ದೂರಕ್ಕೆ ಕಾಣಲೆಂದು ಇಡೀ ಕಲ್ಲಿಗೇ!

ನಮ್ಮ ಸೀಮೆಯಲ್ಲಿ ನೀರಿನ ದಂಡೆಯ ದುಂಡು ಕಲ್ಲಿಗೆ ಕೇಸರಿ ಬಣ್ಣ ಬಳಿದರೆ ಏನಾಗುತ್ತದೆ, ಹೇಳಿ?

ಯುಗಾದಿ ಅಮಾವಾಸ್ಯೆಯ ದಿನ ಅದರ ಮುಂದೆ ಮೊದಲ ಕಾಯಿ ಒಡೆದಿತ್ತು. ಮಂಗಳವಾರ ಐದು ಕಾಯಿ. ಶುಕ್ರವಾರ ಹನ್ನೊಂದು. ಅದರ ಮುಂದಿನ ವಾರ ಅದಕ್ಕೆ ಹೆಸರೂ ಬಂತು: ಒಡ್ಡವ್ವ. ಯಾರದೋ ಎಮ್ಮೆ ಹಾಲು ಕೊಡಲು ಶುರು ಮಾಡಿತ್ತು, ಯಾರದೋ ಸೊಸೆ ತವರಿನಿಂದ ತಿರುಗಿ ಬಂದಿದ್ದಳು. ಅತ್ತೆ ಒಂದು ಮಂಗಳವಾರ ಭಕ್ತರ ಮುಂದೆ ನಿಂತು, ಕೈ ಎತ್ತಿ ಹೇಳಿದಳು, "ಯವ್ವಾ ಯಪ್ಪಾ, ಇದು ದೇವರಲ್ರಿ. ನಾನs ಹಚ್ಚೀನಿ ಬಣ್ಣಾ. ಟ್ರೇಲರಿಗೆ ಹಚ್ಚಿ ಉಳದದ್ದು."

ಸದಲಗಾದಿಂದ ಬಂದ ಮುದುಕಿಯೊಬ್ಬಳು ಊದುಬತ್ತಿ ಹಚ್ಚುತ್ತಾ, ತಲೆಯನ್ನೂ ಎತ್ತದೆ ಕೇಳಿದಳು, "ಹಚ್ಚಿದಾಕಿ ನೀನು. ಖರೆ, ನಿನ್ನ ಕೈಲೆ ಹಚ್ಚಿಸಿದಾಕಿ ಯಾರು?"

ಅಂದಿನ ಪುಟ: ಅತ್ತೆ ಸೋತ ಮೊಕದ್ದಮೆಗಳು, ಒಂದು.

ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದುಕೊಂಡೆವು. ದೇವರ ಸುತ್ತ ಯಾರೂ ಕಲ್ಲು ಎಸೆಯುತ್ತಿರಲಿಲ್ಲ. "ದೇವರಾದ್ರ ಆಗಲಿ, ಕಲ್ಲ ಜಾಗಾದಾಗ ಇದ್ರ ಸಾಕು" ಎಂದು ಅತ್ತೆಯೂ ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಎರಡು ವಾರ ಬಾಳಿತು.

ಸ್ವಂತ ಮನೆ ಬೇಕೆಂದು ಹರಕೆ ಹೊರುವವರು ದೇವರ ಸನ್ನಿಧಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟುವುದು ನಿಮಗೆ ಗೊತ್ತಲ್ಲ? ಯಾರೋ ಒಬ್ಬಳು ಒಡ್ಡವ್ವನ ಮುಂದೆ ಕಟ್ಟಿದಳು. ಅವಳನ್ನು ನೋಡಿ ಇನ್ನೊಬ್ಬಳು. ಕಲ್ಲಿಗೇನು ಬರವೆ? ಕೈ ಹಾಕಿದಲ್ಲಿ ಕಲ್ಲು! ಕೆಲವರು ನೆಲಮಹಡಿಗೇ ತೃಪ್ತರಾದರೆ ಕೆಲವರು ಎರಡು ಅಂತಸ್ತು ಎಬ್ಬಿಸಿದರು. ಒಬ್ಬಾತ ಟ್ರ್ಯಾಕ್ಟರ್ ನಿಲ್ಲಿಸಲು ಪಕ್ಕದಲ್ಲಿ ಶೆಡ್ಡನ್ನೂ ಸೇರಿಸಿದ. ನಾನು ಎಣಿಸಿದೆ: ಅರವತ್ಮೂರು ಮನೆಗಳು. ಬಳಸಿದ ಕಲ್ಲು ನಾಲ್ಕು ನೂರು ದಾಟಿತ್ತು. ಎಸೆಯುವವರು ಒಂದು ವರ್ಷದಲ್ಲಿ ಕೀಳುವುದನ್ನು ಬೇಡುವವರು ಒಂದು ತಿಂಗಳಲ್ಲಿ ಕಿತ್ತಿದ್ದರು! ದೇವರ ಕಾಲ ಬುಡದ ತಗ್ಗು ಈಗ ಒಂದು ಎಮ್ಮೆ ಮಲಗುವಷ್ಟಾಗಿತ್ತು.

ಅತ್ತೆ ತೆನೆ ಸುಡುವುದನ್ನು ನಿಲ್ಲಿಸಿದಳು. ಮಿರಗದ, ಅಂದರೆ ಮೃಗಶಿರೆಯ ಮಳೆಗೆ ಮೂರು ವಾರ ಉಳಿದಿತ್ತು. ಮಳೆ ಹಿಡಿದು ಡ್ಯಾಂ ತುಂಬತೊಡಗಿದರೆ ಆ ತಗ್ಗು ನೀರಿನೊಳಗೆ. ಆಮೇಲೆ ಅಲೆ, ಮಣ್ಣು, ಅಷ್ಟೆ. "ನಾನs ಹಚ್ಚೀನಲ್ಲ ಬೇ ಬಣ್ಣಾ" ಎಂದಳು ಒಂದು ದಿನ ನನ್ನೆದುರು. "ಐವತ್ತ ವರ್ಷ ಕಾದ ಒಡ್ಡಿಗೆ ನಾನs ಕೈಯಾರೆ ತಗ್ಗ ತೋಡಿದಂಗ ಆತು."

ಸಾಹೇಬರು ಮಾತಿನಂತೆ ಎಂಟು ಆಳು ಕರೆದುಕೊಂಡು ಬಂದರು. ಆಳುಗಳು ಒಡ್ಡವ್ವನನ್ನು ನೋಡಿದ್ದೇ ಚಪ್ಪಲಿ ಬಿಟ್ಟು ಕೈ ಮುಗಿದು ಹಿಂದೆ ಸರಿದರು. "ಸಾಹೇಬ್ರ, ಬ್ಯಾರೆ ಎಲ್ಲೆರ ಹೇಳ್ರಿ, ಅಗೀತೀವಿ. ದೇವರ ಮೈಮ್ಯಾಲ ಹಾರಿ ಹಾಕಾಂಗಿಲ್ರಿ" ಎಂದ ಅವರ ಹಿರಿಯ. ಕಬ್ಬಿಣದ ಹಾರೆಗಳೆಲ್ಲ ನೆಲದ ಮೇಲೆ ಮಲಗಿದವು.

ಸಾಹೇಬರು ಹಣೆ ಒರೆಸಿಕೊಂಡರು. "ಬಾಯಾರ, ನಮ್ಮೂರ ಕಡೆ ನೀರ ಕೊಡು ಅಂತ ದೇವರಿಗೆ ಕೈ ಮುಗೀತೀವಿ. ಇಲ್ಲಿ ನೀರ ಉಳಸಾಕ ದೇವರನ್ನs ಎಬ್ಬಸೂ ಪಾಳಿ ಬಂತು. ಏನ ಮಾಡೂದ್ರಿ?"

ಅಂದು ಮಂಗಳವಾರ. ಭಕ್ತರು ಬರತೊಡಗಿದ್ದರು. ಸದಲಗಾದ ಮುದುಕಿಯೂ ಇದ್ದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಡ್ಡವ್ವನ ಪಕ್ಕ ಹೋಗಿ ನಿಂತಳು. ಮತ್ತೆ ಟ್ರೇಲರಿನ ಬಣ್ಣದ ಕತೆ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಮುಂದಿದ್ದವಳನ್ನು ಕೇಳಿದಳು, "ತಂಗೀ, ಏನ ಬೇಡ್ಕೊಂಡಿ?"

"ಮನಿ ರಿ."

"ನೀ ಏನ ಬೇಡ್ಕೊಂಡ್ಯೋ ತಮ್ಮಾ?"

"ನಂದೂ ಮನೀನ ರಿ. ಬಾಜೂಕ ಶೆಡ್ಡು."

"ಎಲ್ಲಾರೂ ಆಕಿನ್ನ ಮನಿ ಕೇಳಾಕತ್ತೀರಿ. ಆಕಿಗೆ ಐತೇನ ಮನಿ?" ಅತ್ತೆಯ ದನಿ ಏರಿತು. "ಉರಿಬಿಸಲಾಗ ಕುಂತಾಳ. ಮಿರಗ ಕೂಡಿದ್ರ ನೆತ್ತಿ ಮಟ ನೀರಾಗ ಮುಳಗತಾಳ. ಆಕಿ ಕಾಲ ಬುಡದಾನ ಕಲ್ಲ ಕಿತ್ತ ನಿಮ್ಮ ಮನಿ ಕಟ್ಟೀರಿ! ತನಗs ನೆರಳ ಇಲ್ದಾಕಿ ನಿಮಗ ಎಲ್ಲಿಂದ ಮಾಳಗಿ ಕೊಡಬೇಕು?"

ಸದಲಗಾದ ಮುದುಕಿ ನಿಧಾನವಾಗಿ ತಲೆ ಎತ್ತಿದಳು. ಇವಳು ಮತ್ತೊಂದು ಪ್ರಶ್ನೆ ಕೇಳಿದರೆ ಮುಗಿಯಿತು!

"ಹೌದಲ್ಲ ಬೇ!" ಎಂದಳು ಮುದುಕಿ. "ಮೊದಲ ಆಕಿ ಮನಿ ಆಗ್ಲಿ."

ಬೇವಿನ ಮರದ ಕೆಳಗೆ ಕಟ್ಟೆ, ಅದಕ್ಕೆ ಕಲ್ಲು ಅವರವರ ಹೊಲದಿಂದ, ಒಡ್ಡಿನದು ಒಂದೂ ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು. ಆದರೆ ದೇವಿಯನ್ನು ಎತ್ತುವವರು ಯಾರು?

ಅತ್ತೆ ಹೆಗಲ ಮೇಲಿದ್ದ ಟವೆಲ್ಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. "ಪೆನ್ನ ಕೆಳಗಿಡ, ತಲಾಠಿ" ಎಂದಳು. ನಾನೊಂದು ಕಡೆ, ಸಾಹೇಬರೊಂದು ಕಡೆ ಹಿಡಿದು ಕಲ್ಲನ್ನು ಅವಳ ತಲೆಗೇರಿಸಿದೆವು. "ತಪ್ಪ ತಿಳೀಬ್ಯಾಡ ಯವ್ವಾ, ಒಂದಿಷ್ಟ ಗಟ್ಟಿ ಕುಂದರ" ಎಂದು ಅದಕ್ಕೆ ಮೆಲ್ಲಗೆ ಹೇಳಿ ಅರವತ್ತರ ಹತ್ತಿರದ ನಮ್ಮ ಅತ್ತೆ ಆ ಇಳಿಜಾರನ್ನು ಏರಿದಳು. ಕುತ್ತಿಗೆ ಅಲುಗಲಿಲ್ಲ. ಆಳುಗಳು ಬಾಯಿ ಬಿಟ್ಟು ನೋಡಿದರು.

ಬೇವಿನ ಕೆಳಗೆ ಇಳಿಸಿದ ಮೇಲೆ ಅವಳು ಬೇರಿನ ಮೇಲೆ ಕುಳಿತಳು. ನೀರು ಕೊಟ್ಟು ಕೇಳಿದೆ, "ಒಡ್ಡ ಕಟ್ಟುವಾಗ ನೀ ಕಲ್ಲ ಹೊತ್ತಿದ್ದೇನ ಅತ್ತಿ?"

"ಒಂದೂ ಇಲ್ಲ. ಅವ್ವ ಹೊರಗೊಡಲಿಲ್ಲ. ಎಂಟ ವರ್ಷದಾಕಿ ನಾ. ಹೊರಾಕಿ ಅವ್ವ." ಅವ್ವ ಎಂದರೆ ನಾನು ಕಾಣದ ನನ್ನ ಅಜ್ಜಿ. ಅತ್ತೆ ಮೇಲೆ ನೋಡಿದಳು. "ಈ ಟೊಂಗಿಗೇ ನಿಮ್ಮಪ್ಪನ ಜೋಳಗಿ ಕಟ್ಟಿದ್ರು. ತೂಗೂದು ನನ್ನ ಕೆಲಸ. ಹಾಲಿಗೆ ಅಳತಿದ್ದ. ಅವ್ವ ನನ್ನ ಉಡಿಯಾಗ ಹತ್ತ ಹರಳ ಹಾಕಿ ಹೋಗಾಕಿ. ನಾ ಒಂದ ಕಲ್ಲ ಹೊತ್ತ ಹ್ವಾದಾಗ ಒಂದ ಹರಳ ತಗದಿಡ, ಹರಳ ತೀರಿದ ಕೂಡ್ಲೆ ಬರತೀನಿ ಅನ್ನಾಕಿ. ದಿನಾ ಎಣಸೀನಿ."

ಹಾಗಾದರೆ ಈ ಮನೆತನದಲ್ಲಿ ಲೆಕ್ಕ ಇಟ್ಟ ಮೊದಲನೆಯವಳು ನಾನಲ್ಲ!

"ಹರಳ ಎಣಸೀನಿ, ಖರೆ ಕಲ್ಲ ಗುರುತ ಹಿಡೀಲಿಲ್ಲ" ಎಂದಳು ಅತ್ತೆ, ಸಿಂಬಿ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾ. "ಇದರಾಗ ಅವ್ವ ಹೊತ್ತದ್ದು ಯಾವುದು ಅಂತ ಗೊತ್ತಿಲ್ಲಲ್ಲ ಬೇ. ಅದಕ್ಕ ಎಲ್ಲಾನೂ ಕಾಯತೀನಿ."

ಕೆಳಗೆ ಜನ ಅರವತ್ಮೂರು ಮನೆಗಳನ್ನು ಬಿಚ್ಚಲು ಶುರು ಮಾಡಿದ್ದರು. ಆಳುಗಳು ಹಾರೆ ಎತ್ತಿಕೊಂಡಿದ್ದರು. ನಾನು ಇಳಿದು ಹೋದೆ. ಕೆಸರಿನ ಅಂಚಿಗೆ ಜಾರಿದ್ದ ಒಂದು ಕಲ್ಲನ್ನು ಆರಿಸಿ, ಓಢಣಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಸಾಹೇಬರು ಕಲ್ಲು ಏರಿಸಿದರು. ಅಯ್ಯೋ, ಪೆನ್ನು ಎಷ್ಟು ಹಗುರ!

"ಕಾಲಾಗ ನೋಡಬ್ಯಾಡ, ತಲಿ ನೆಟ್ಟಗಿಡ" ಎಂದು ಬೇವಿನ ಕೆಳಗಿನಿಂದ ಅತ್ತೆ ಕೂಗಿದಳು. ನಾನು ಮೇಲೇರುವವರೆಗೂ ನನ್ನನ್ನೇ ನೋಡುತ್ತಿದ್ದಳು. ನನ್ನ ಬೆನ್ನ ಹಿಂದೆ ಅಷ್ಟಗಲ ನೀರು ಹೊಳೆಯುತ್ತಿತ್ತು.

ಆ ಮಂಗಳವಾರ ಎಷ್ಟು ಕಲ್ಲುಗಳು ತಮ್ಮ ಜಾಗಕ್ಕೆ ಮರಳಿದವು ಎಂಬ ಅಂಕಣ ನನ್ನ ಡೈರಿಯಲ್ಲಿ ಖಾಲಿಯಾಗಿಯೇ ಇದೆ. ಬರೆಯುವವಳ ಎರಡೂ ಕೈ ತಲೆಯ ಮೇಲಿನ ಕಲ್ಲನ್ನು ಹಿಡಿದಿದ್ದವು.